ಮನೆ ಸ್ವಚ್ಛವಾಗಿತ್ತು

ನಮ್ಮ ಕಡೆ ಒಬ್ಬ ಮನುಷ್ಯನ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದರೆ ಮಂದಿ ಮೊದಲು ಮಾಡುವ ಕೆಲಸ ಅವನಿಗೆ ಶಾಲು ಹೊದಿಸುವುದು. ವಿಜಯಪುರದಲ್ಲಿ ಯಾವ ಕಾರ್ಯಕ್ರಮಕ್ಕೆ ಹೋದರೂ ಸತ್ಕಾರ ಇದ್ದೇ ಇರುತ್ತದೆ. ಶಾಲು, ಹಾರ, ತೆಂಗಿನಕಾಯಿ, ಆಮೇಲೆ ಮೈಕಿನಲ್ಲಿ 'ಸರಳ ಸಜ್ಜನಿಕೆಯ, ಹಸನ್ಮುಖಿ, ಕೊಡುಗೈ ದಾನಿ'. ಇದನ್ನೇ ಕೇಳುತ್ತ ಬೆಳೆದ ಮಕ್ಕಳು ನನ್ನ ತರಗತಿಗೆ ಪತ್ರಿಕೋದ್ಯಮ ಕಲಿಯಲು ಬರುತ್ತಾರೆ. ವ್ಯಕ್ತಿಚಿತ್ರ ಬರೆಯಿರಿ ಎಂದರೆ ಸತ್ಕಾರದ ಭಾಷಣ ಬರೆದು ತರುತ್ತಾರೆ.

ನನಗೆ ಸಿಟ್ಟು ಬೇಗ ಬರುತ್ತದೆ. ಪಾಠ ಹೇಳಲು ಬರುವ ಮೊದಲು ಬಹಳ ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಿಶೇಷಣಗಳನ್ನು ಹೊಡೆದುಹಾಕಿದವಳು ನಾನು. ಆ ಚಾಳಿ ಇನ್ನೂ ಹೋಗಿಲ್ಲ. ಮಕ್ಕಳು ನನ್ನ ಬೆನ್ನ ಹಿಂದೆ ನನಗೆ ಏನೋ ಹೆಸರಿಟ್ಟಿದ್ದಾರೆ ಎಂದು ಗೊತ್ತು, ಏನೆಂದು ಕೇಳುವ ಧೈರ್ಯ ಮಾಡಿಲ್ಲ.

ಒಂದು ವರ್ಷ, ಮೊದಲ ಪಾಠಕ್ಕೆ ಹೀಗೊಂದು ಆಟ ಹೂಡಿದೆ. ಎಲ್ಲರ ಬರಹದಿಂದ ಹೆಸರು ತೆಗೆದು, ಒಂದರ ಹೆಸರನ್ನು ಇನ್ನೊಂದಕ್ಕೆ ಹಚ್ಚಿ ಜೋರಾಗಿ ಓದಿದೆ. ಡ್ರೈವಿಂಗ್ ಶಾಲೆಯ ಮಾಲೀಕರ ಬಗ್ಗೆ ಬರೆದದ್ದನ್ನು ಕಣ್ಣಿನ ಡಾಕ್ಟರರದು ಎಂದು ಓದಿದೆ. ಯಾರಿಗೂ ಗೊತ್ತಾಗಲಿಲ್ಲ. ಬರೆದ ಹುಡುಗಿಗೂ ಗೊತ್ತಾಗಲಿಲ್ಲ, ಅವಳು ಎಲ್ಲರಿಗಿಂತ ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಗುಟ್ಟು ಹೇಳಿದಾಗ ತರಗತಿಯೆಲ್ಲ ನಕ್ಕಿತು. ಕೊಡುಗೈ ದಾನಿ ಎನ್ನಬೇಡಿ, ಯಾರಿಗೆ ಏನು ಕೊಟ್ಟ ಎಂದು ಬರೆಯಿರಿ. ಹಸನ್ಮುಖಿ ಎನ್ನಬೇಡಿ, ಯಾವ ಮಾತಿಗೆ ನಕ್ಕ ಎಂದು ಬರೆಯಿರಿ. ಇಷ್ಟು ಹೇಳಿ, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆದರೆ ಪೂರ್ವಗ್ರಹ ಅರ್ಧ ಕಡಿಮೆಯಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ.

ಉಳಿದ ಅರ್ಧವನ್ನು ಕಲಿಸುವುದು ಕಷ್ಟ. ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ, ಬೇಡವಾದದ್ದನ್ನು ಬಿಡುತ್ತದೆ. ಮಹಿಳಾ ಅಧಿಕಾರಿಯ ಬಗ್ಗೆ ಬರೆಯುವಾಗ ಸೀರೆಯ ಬಣ್ಣ ಬರುತ್ತದೆ, ಪುರುಷ ಅಧಿಕಾರಿಯ ಅಂಗಿಯ ಬಣ್ಣ ಯಾರಿಗೂ ನೆನಪಿರುವುದಿಲ್ಲ. ಇಂಥ ಉದಾಹರಣೆ ಕೊಟ್ಟರೆ ಮಕ್ಕಳು ತಲೆ ಅಲ್ಲಾಡಿಸುತ್ತಾರೆ, ಹೌದ್ರಿ ಮೇಡಂ ಅನ್ನುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಳ್ಳುತ್ತಾರೆ. ತಮ್ಮ ಬರಹದಲ್ಲಿ ಅದು ಕಾಣಿಸುವುದೇ ಇಲ್ಲ.

ನಮ್ಮ ಕಾಲೇಜಿನಲ್ಲಿ ಮಕ್ಕಳೇ ಬರೆದು, ಪುಟ ಕಟ್ಟಿ, ಅಚ್ಚು ಹಾಕಿಸುವ ನಾಲ್ಕು ಪುಟದ ಒಂದು ಪತ್ರಿಕೆ ಇದೆ. ಕಲಿಕೆಗಾಗಿ ಇರುವ ಪತ್ರಿಕೆಯಾದರೂ ಮಕ್ಕಳು ತಮ್ಮ ತಮ್ಮ ಊರುಗಳಿಗೆ ಒಯ್ದು ಹಂಚುತ್ತಾರೆ, ಚಹಾದ ಅಂಗಡಿಗಳಲ್ಲಿ ಮಂದಿ ಓದುತ್ತಾರೆ. ಅದರ ಮೂರನೆಯ ಪುಟ ವ್ಯಕ್ತಿಚಿತ್ರಕ್ಕೆ ಮೀಸಲು. ಅದಕ್ಕೆ ಯಾರ ಬರಹ ಆಯ್ಕೆಯಾಗುತ್ತದೆ ಎಂಬುದರ ಮೇಲೆ ತರಗತಿಯಲ್ಲಿ ಪೈಪೋಟಿ.

ಆ ಚಳಿಗಾಲದ ಕೊನೆಗೆ ಮಕ್ಕಳನ್ನು ಬಿಜ್ಜರಗಿಗೆ ಕರೆದುಕೊಂಡು ಹೋಗಿದ್ದೆ. ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು ನೋಡಿ ವರದಿ ಬರೆಯುವ ಕೆಲಸ. ವಾಪಸು ಬರುವಾಗ ತಿಕೋಟಾದ ರಸ್ತೆ ಬದಿಯ ಒಂದು ಖಾನಾವಳಿಯಲ್ಲಿ ಊಟಕ್ಕೆ ಇಳಿದೆವು. ತಗಡಿನ ಶೆಡ್ಡು, ನಾಲ್ಕೈದು ಟೇಬಲ್ಲು. ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಮಕ್ಕಳು ಮಾತಿಲ್ಲದೆ ಉಂಡರು. ದ್ರಾಕ್ಷಿ ತೋಟದ ವರದಿಗಳೆಲ್ಲ ಸಪ್ಪೆಯಾಗಿ ಬಂದವು, ಖಾನಾವಳಿಯ ಊಟವನ್ನು ಮಾತ್ರ ಪ್ರತಿಯೊಬ್ಬರೂ ಚೆನ್ನಾಗಿ ವರ್ಣಿಸಿದ್ದರು.

ಮುಂದಿನ ವಾರ ಒಬ್ಬ ಹುಡುಗ ನನ್ನ ಕೋಣೆಗೆ ಬಂದು, ಆ ಖಾನಾವಳಿಯ ಒಡತಿಯ ವ್ಯಕ್ತಿಚಿತ್ರ ತಾನು ಬರೆಯುತ್ತೇನೆ ಎಂದ. ಕಾಖಂಡಕಿಯವನು, ಹೊಲಮನೆ ಗಟ್ಟಿಯಾಗಿರುವ ಕುಟುಂಬ. ದಿನಾ ಬಸ್ಸಿನಲ್ಲಿ ಬಬಲೇಶ್ವರದ ಮೇಲೆ ಹಾದು ನಗರಕ್ಕೆ ಬರುತ್ತಿದ್ದ. ತರಗತಿಯಲ್ಲಿ ಎಲ್ಲರಿಗಿಂತ ಕಣ್ಣು ಚುರುಕು. ಮೊದಲ ಸೆಮಿಸ್ಟರಿನಲ್ಲಿ ಬಬಲೇಶ್ವರದ ಒಬ್ಬ ನಿವೃತ್ತ ಮಾಸ್ತರರ ಬಗ್ಗೆ ಬರೆದು ನನ್ನಿಂದ 'ಚಲೋ ಐತಿ' ಅನ್ನಿಸಿಕೊಂಡವನು. ಆ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ಹೋಗಿ ಬಾ ಅಂದೆ.

ಅವನು ಹೋದ. ಖಾನಾವಳಿಯಲ್ಲಿ ಮಾತಾಡಲು ಬಿಡುವಿಲ್ಲವೆಂದು ಆಕೆ ಅವನನ್ನು ಮನೆಗೆ ಕರೆದರು. ಅದು ಬೌದ್ಧ ಧರ್ಮ ಸ್ವೀಕರಿಸಿದ ದಲಿತ ಮನೆತನ. ಅವನು ಬರೆದು ತಂದ ಪುಟಗಳ ಮೇಲೆ 'ಒಬ್ಬ ದಲಿತ ಮಹಿಳೆಯ ಸಾಹಸಗಾಥೆ' ಎಂಬ ತಲೆಬರಹವಿತ್ತು. ಎರಡನೆಯ ಪ್ಯಾರಾ ಹೀಗಿತ್ತು: 'ಅವರ ಮನೆ ಅತ್ಯಂತ ಸ್ವಚ್ಛವಾಗಿತ್ತು. ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು. ಅವರು ಕೊಟ್ಟ ನೀರನ್ನು ನಾನು ಸಂತೋಷದಿಂದ ಕುಡಿದೆ.'

ಓದಿ ಪುಟಗಳನ್ನು ಮೇಜಿನ ಮೇಲಿಟ್ಟೆ. ಬೈಯಬೇಕೆನಿಸಿತು, ಆದರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಅದರಲ್ಲಿ ಒಂದು ಕೆಟ್ಟ ಮಾತಿರಲಿಲ್ಲ. ಎಲ್ಲವೂ ಹೊಗಳಿಕೆಯೇ. ಮರುದಿನ ತರಗತಿಯಲ್ಲಿ ಅವನಿಂದಲೇ ಎರಡೂ ಬರಹ ಓದಿಸಿದೆ. ಮೊದಲು ಮಾಸ್ತರರದು, ಆಮೇಲೆ ಇದು. ಮಾಸ್ತರರ ಮನೆಯಲ್ಲಿ ತೇಗದ ಬಾಗಿಲಿತ್ತು, ತೂಗುಮಣೆ ಇತ್ತು, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮಾಸ್ತರರಿದ್ದರು. ಇಲ್ಲಿ ಸ್ವಚ್ಛತೆ ಇತ್ತು, ಪಾತ್ರೆ ಇದ್ದವು. ಆಕೆಯ ಮುಖವೇ ಕಾಣಿಸುತ್ತಿರಲಿಲ್ಲ.

"ಮಾಸ್ತರರ ಮನಿ ಸ್ವಚ್ಛ ಇರಲಿಲ್ಲೇನು?" ಎಂದು ಕೇಳಿದೆ.

"ಇತ್ರಿ ಮೇಡಂ."

"ಮತ್ತ ಯಾಕ ಬರೀಲಿಲ್ಲ?"

"ಅದರಾಗ ಬರಿಯೂದು ಏನೈತ್ರಿ? ಅವರ ಮನಿ ಸ್ವಚ್ಛ ಇದ್ದೇ ಇರ್ತೈತಿ."

ಹೇಳಿದ ಮೇಲೆ ಅವನ ಮಾತು ಅವನಿಗೇ ಕೇಳಿಸಿತು. ನಾಲಿಗೆ ಕಚ್ಚಿಕೊಂಡು ಪುಟಗಳನ್ನು ನೋಡುತ್ತ ನಿಂತ. ಕಿಟಕಿಯ ಹತ್ತಿರ ಕೂರುವ ತೊರವಿಯ ಹುಡುಗಿ ಮೆಲ್ಲಗೆ ಮಾತಾಡಿದಳು. ಅವಳದೂ ಬೌದ್ಧ ಮನೆತನವೇ. ಅದುವರೆಗೆ ತರಗತಿಯಲ್ಲಿ ತಾನಾಗಿ ಬಾಯಿ ಬಿಟ್ಟವಳಲ್ಲ.

"ನಮ್ಮ ಮನೀಗೆ ಬಂದೋರೆಲ್ಲಾ ಹಂಗ ಅಂತಾರ್ರಿ ಮೇಡಂ. ಎಷ್ಟ ಸ್ವಚ್ಛ ಇಟ್ಟೀರಿ ಅಂತಾರ. ಅವ್ರು ಹೋದ ಮ್ಯಾಲೆ ನಮ್ಮವ್ವ ಮತ್ತೊಮ್ಮೆ ಕಸಾ ಹೊಡಿತಾಳ."

"ಮತ್ತೊಮ್ಮೆ ಯಾಕ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಸಿಟ್ಟಿಗೆ," ಅಂದಳು.

ಕಾಖಂಡಕಿಯ ಹುಡುಗ ತರಗತಿ ಮುಗಿದ ಮೇಲೆ ನನ್ನ ಕೋಣೆಗೆ ಬಂದ. ಮುಖ ಬಾಡಿತ್ತು. "ನಾ ಚಲೋದ್ದನ್ನ ಬರದಿದ್ನಿರಿ ಮೇಡಂ. ಕೆಟ್ಟದ್ದು ಒಂದೂ ಬರದಿಲ್ಲ," ಅಂದ. ಅದು ನನಗೂ ಗೊತ್ತಿತ್ತು, ಅದಕ್ಕೇ ಅವನ ಮೇಲೆ ಕನಿಕರ. ಕೆಟ್ಟ ಉದ್ದೇಶದಿಂದ ಬರೆದವನಿಗೆ ಬೈದು ತಿದ್ದಬಹುದು. ಒಳ್ಳೆಯ ಮನಸ್ಸಿನಿಂದ ಬರೆದವನಿಗೆ, ನಿನ್ನ ಒಳ್ಳೆಯತನದಲ್ಲೇ ಏನೋ ಸಿಕ್ಕಿಕೊಂಡಿದೆ ಎಂದು ಹೇಳುವುದು ಕಷ್ಟ. ತಲೆಬರಹದ ಮೇಲೆ ಬೆರಳಿಟ್ಟು, ಇದನ್ನು ಹಾಕುತ್ತಿ ಎಂದು ಆಕೆಗೆ ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ ಅಂದ. ಹಾಗಾದರೆ ನಡೆ, ಕೇಳಿ ಬರೋಣ ಅಂದೆ.

ಸಾಮಾನ್ಯವಾಗಿ ಬರಹವನ್ನು ಅಚ್ಚಿಗೆ ಮೊದಲು ಯಾರಿಗೂ ತೋರಿಸಬಾರದು ಎಂಬುದೇ ನನ್ನ ಪಾಠ. ಆದರೆ ರಸ್ತೆ ಬದಿಯ ಖಾನಾವಳಿಯ ಒಡತಿಯ ಜಾತಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಿ ಊರೂರು ಹಂಚುವ ಮೊದಲು ಆಕೆಯನ್ನು ಕೇಳಬೇಕು ಎಂಬುದು ಪಾಠಕ್ಕಿಂತ ಮೊದಲಿನ ಮಾತು. ಮಧ್ಯಾಹ್ನದ ಊಟದ ಗದ್ದಲ ಮುಗಿಯುವ ಹೊತ್ತಿಗೆ ತಿಕೋಟಾ ಮುಟ್ಟಿದೆವು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮ ಎದುರಿಗೆ ಬಂದು ಕೂತರು. ನನ್ನನ್ನು ಅಕ್ಕೋರ ಎಂದು ಕರೆದರು, ಅವನನ್ನು ತಮ್ಮಾ ಎಂದರು. ಅವನು ಕಾಕೂ ಎಂದ. ಓದು ಅಂದೆ. ಓದಿದ.

ತಲೆಬರಹವನ್ನೂ ಸ್ವಚ್ಛದ ಮಾತನ್ನೂ ಆಕೆ ಕೇಳಿಸಿಕೊಂಡರು. ನೀರಿನ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಏನಂದಿ? ಸಂತೋಷದಿಂದ ಕುಡದ್ಯಾ?"

"ಹೌದ್ರಿ ಕಾಕೂ."

"ಯಾಕಪಾ, ನೀರಡಿಕಿ ಆಗಿರ್ಲಿಲ್ಲೇನು?"

ಆಕೆ ಜೋರಾಗಿ ನಕ್ಕರು. ಪಾತ್ರೆ ತೊಳೆಯುತ್ತಿದ್ದ ಹೆಂಗಸೂ ಒಳಗಿನಿಂದ ನಕ್ಕಳು. ಹುಡುಗನ ಕಿವಿ ಕೆಂಪಾದವು. ಆ ಸಾಲನ್ನು ನಾನು ಎರಡು ಸಲ ಓದಿದ್ದೆ, ತರಗತಿಯಲ್ಲೂ ಕೇಳಿದ್ದೆ. ಸ್ವಚ್ಛ ಎಂಬ ಪದವನ್ನು ಅಷ್ಟು ಹಿಡಿದು ಕೇಳಿದವಳಿಗೆ ಇದು ಕಣ್ಣಿಗೆ ಬಿದ್ದಿರಲಿಲ್ಲ. ಬಿಸಿಲಲ್ಲಿ ಬಸ್ಸಿಳಿದು ನಡೆದುಬಂದ ಹುಡುಗ ನೀರು ಕುಡಿಯುವುದು ಬಾಯಾರಿದ್ದಕ್ಕೆ ಎಂದು ಆಕೆಗೆ ಮೊದಲು ಹೊಳೆಯಿತು.

ನಗು ನಿಂತ ಮೇಲೆ ಆಕೆ ಅವನನ್ನೇ ನೋಡಿ ಕೇಳಿದರು. "ನಿಮ್ಮಪ್ಪಾರು ಓದ್ತಾರೇನು ಈ ಪೇಪರ?"

ಇವನ ಅಪ್ಪ ಯಾಕೆ ಓದಬೇಕು ಎಂದು ನಾನು ನಡುವೆ ಬಾಯಿ ಹಾಕಿದೆ. ಹುಡುಗ ಟೇಬಲ್ಲು ನೋಡತೊಡಗಿದ.

"ಅಕ್ಕೋರಿಗೆ ಹೇಳಿಲ್ಲೇನು?" ಎಂದರು ಆಕೆ.

ಆಮೇಲೆ ಎಲ್ಲ ಹೊರಗೆ ಬಂತು. ಶೆಡ್ಡು ಇದ್ದ ಜಾಗದ ಯಜಮಾನ ಯುಗಾದಿಯೊಳಗೆ ಜಾಗ ಬಿಡಬೇಕು ಎಂದು ಆಕೆಗೆ ಹೇಳಿಬಿಟ್ಟಿದ್ದ. ಅದೇ ರಸ್ತೆಯಲ್ಲಿ ಹುಡುಗನ ತಂದೆ ಹೊಸದಾಗಿ ಕಟ್ಟಿಸಿದ ಮಳಿಗೆಗಳಿದ್ದವು, ಒಂದು ಖಾಲಿ ಇತ್ತು. ಅದು ಸಿಕ್ಕರೆ ಖಾನಾವಳಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚಬೇಕು. ಅದನ್ನು ಕೇಳಲು ಆಕೆ ಕಾಖಂಡಕಿಗೆ ಹೋಗಿದ್ದರು. ಆವತ್ತು ಹುಡುಗ ಮನೆಯಲ್ಲಿದ್ದ, ನಾವು ಊಟ ಮಾಡಿದ ಖಾನಾವಳಿಯವರು ಎಂದು ಗುರುತು ಹಿಡಿದಿದ್ದ. ತಂದೆ ನೋಡೋಣ ಎಂದು ಹೇಳಿ ಕಳಿಸಿದ್ದರು.

ನನ್ನ ತಲೆ ಕೆಟ್ಟುಹೋಯಿತು. ನಿಮ್ಮ ಮಳಿಗೆಗೆ ಬಾಡಿಗೆಗೆ ಬರುವವರ ಬಗ್ಗೆ ಬರೆಯುವುದಾದರೆ ಅದನ್ನು ಮೊದಲು ನನಗೆ ಹೇಳಬೇಕಿತ್ತೋ ಇಲ್ಲವೋ ಎಂದು ಅಲ್ಲೇ, ಉಣ್ಣುತ್ತಿದ್ದ ಇಬ್ಬರು ಲಾರಿಯವರ ಎದುರಿಗೆ, ಬಾಯಿಗೆ ಬಂದಂತೆ ಬೈದೆ. ಬರೆಯುವವನಿಗೆ ವಿಷಯದಲ್ಲಿ ಸ್ವಂತ ಹಿತ ಇದ್ದರೆ ಅದು ಓದುಗನಿಗೆ ಗೊತ್ತಿರಬೇಕು. ಇದು ನಾನು ಹೇಳಿದ ಮೊದಲ ವಾರದ ಪಾಠ.

"ಅವರಿಗೆ ಸಹಾಯ ಆಗ್ಲಿ ಅಂತ ಬರದ್ನಿರಿ ಮೇಡಂ," ಅಂದ. "ಪೇಪರ್ನ್ಯಾಗ ಚಲೋ ಬಂದ್ರ ಅಪ್ಪ ಮಳಿಗಿ ಕೊಡ್ತಾನಂತ ಮಾಡಿದ್ದೆ."

ಆಗ ಆ ಎರಡನೆಯ ಪ್ಯಾರಾ ನನಗೆ ಪೂರ್ತಿ ಅರ್ಥವಾಯಿತು. ಸ್ವಚ್ಛವಾದ ಮನೆ, ಹೊಳೆಯುವ ಪಾತ್ರೆ, ಕುಡಿದ ನೀರು, ಇವು ಯಾವುವೂ ಓದುಗರಿಗೆ ಬರೆದವಲ್ಲ. ಒಬ್ಬ ಮನುಷ್ಯನಿಗೆ ಬರೆದ ಶಿಫಾರಸು. ಮಗ ತನ್ನ ಅಪ್ಪನಿಗೆ, ಇವರು ನಡೆಯುತ್ತಾರೆ, ಕೊಡು ಎಂದು ಹೇಳುತ್ತಿದ್ದ. ಅವನ ಅಪ್ಪನ ಕಣ್ಣಿನಿಂದ ಅವನು ಆ ಮನೆಯನ್ನು ನೋಡಿದ್ದ.

"ನಿಮ್ಮಪ್ಪಗ ಇವರ ಮನೆತನ ಗೊತ್ತಿಲ್ಲೇನು?" ಎಂದು ಕೇಳಿದೆ.

"ಗೊತ್ತೈತ್ರಿ. ಗೊತ್ತಿದ್ದೂ ಗೊತ್ತಿಲ್ಲದಂಗ ಅದಾನ." ಕೈಯಲ್ಲಿದ್ದ ಪುಟಗಳನ್ನು ಮಡಚುತ್ತ ಮತ್ತೆ ಹೇಳಿದ. "ಅವತ್ತ ಕಾಕೂನ್ನ ಹೊರಗ ಕಟ್ಟಿ ಮ್ಯಾಲೆ ಕುಂದರಿಸಿದ. ಗೊತ್ತಿಲ್ಲದಿದ್ರ ಒಳಗ ಕರೀತಿದ್ದ."

ನಮ್ಮ ಕಡೆ ಮಳಿಗೆ ಕೇಳಲು ಬಂದವರನ್ನು ಪಡಸಾಲೆಗೆ ಕರೆದು ಕೂರಿಸಿಯೇ ಮಾತಾಡುತ್ತಾರೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರೆ ಯಾರೂ ಅವಮಾನ ಮಾಡಿದಂತೆ ಕಾಣುವುದಿಲ್ಲ. ಗಾಳಿ ಚೆನ್ನಾಗಿ ಬರುತ್ತದೆ ಎಂದೂ ಹೇಳಬಹುದು. ಆದರೆ ಕೂತವರಿಗೆ ಗೊತ್ತಾಗುತ್ತದೆ, ಕೂರಿಸಿದವರಿಗೂ ಗೊತ್ತಿರುತ್ತದೆ. ಅಷ್ಟು ಚುರುಕು ಕಣ್ಣಿನ ಹುಡುಗ ಆಕೆಯ ಮನೆಯ ಪಾತ್ರೆಗಳನ್ನೆಲ್ಲ ಬರೆದಿದ್ದ, ತನ್ನ ಮನೆಯ ಕಟ್ಟೆಯನ್ನು ಬರೆದಿರಲಿಲ್ಲ. ಅದನ್ನು ಅವನಿಗೆ ಹೇಳಿದೆ.

ಈ ಬರಹ ಇಲ್ಲಿಗೇ ಬಿಡು, ಬೇಕಾದರೆ ತೊರವಿಯ ಹುಡುಗಿ ಬಂದು ಹೊಸದಾಗಿ ಬರೆಯಲಿ ಎಂದೆ. ಬೇಡ ಎಂದದ್ದು ಅವನಲ್ಲ, ಆಕೆ.

"ಬ್ಯಾರೆಯವ್ರು ಬರದ್ರ ಅವರಪ್ಪ ಓದೂದಿಲ್ಲರಿ ಅಕ್ಕೋರ. ಮಗಾ ಬರದದ್ದು ಓದ್ತಾನ. ಇವನೇ ಬರೀಲಿ. ಸಾಹಸಾ ಗೀಹಸಾ ಬ್ಯಾಡ, ರೊಟ್ಟಿ ಬಡಿಯೂದ್ರಾಗ ಏನ್ ಸಾಹಸಾ? ನಮ್ಮ ಮನಿ ಗ್ವಾಡಿ ಮ್ಯಾಲೆ ಬುದ್ಧನ ಫೋಟೊ ಐತಿ. ಅದನ್ನ ಯಾಕ ಬರೀಲಿಲ್ಲ?"

"ಬರದ್ರ ಅಪ್ಪಗ..." ಎಂದು ಹುಡುಗ ತಡವರಿಸಿದ.

"ದಲಿತ ಅಂತ ದೊಡ್ಡಾಕ ಬರದಿ, ಫೋಟೊ ಬರಿಯಾಕ ಅಂಜಿಕೇನು?" ಆಕೆಯ ದನಿ ಈಗ ಏರಿತ್ತು. "ಈ ಶೆಡ್ಡಿನ್ಯಾಗ ನಾ ಫೋಟೊ ಹಾಕಿಲ್ಲ ತಮ್ಮಾ. ಊರಾಗ ಎಲ್ಲಾರಿಗೂ ಗೊತ್ತೈತಿ, ಗೊತ್ತಿಲ್ಲದಂಗ ಬಂದು ಉಂಡು ಹೋಗ್ತಾರ. ಇಷ್ಟ ವರ್ಷ ಹಂಗ ನಡಿಸೇನಿ. ಹೊಸಾ ಅಂಗಡ್ಯಾಗ ಹಾಕಬೇಕಂತ ಮಾಡೇನಿ. ಆಮ್ಯಾಲೆ ಹಾಕಿ ಜಗಳಾ ಆಗೂದು ಬ್ಯಾಡ. ಮದಲ ತಿಳೀಲಿ ನಿಮ್ಮಪ್ಪಗ."

ಅಂಗಡಿ ಹೋದರೆ ಎಂದು ನಾನು ಕೇಳಿದೆ. ನನಗೆ ನಿಜವಾಗಿ ಅಂಜಿಕೆಯಾಗಿತ್ತು. ನಮ್ಮ ನಾಲ್ಕು ಪುಟದ ಪತ್ರಿಕೆಗಾಗಿ ಒಬ್ಬರ ಅನ್ನದ ದಾರಿ ಮುಚ್ಚುವುದು ನನಗೆ ಬೇಕಿರಲಿಲ್ಲ.

"ಹೋದ್ರ ಹೋಗ್ತೈತ್ರಿ," ಎಂದರು. "ಅದು ನನ್ನ ಕೆಲಸ. ನಿಮ್ಮದು ಬರಿಯೂದು."

ನಾನೂ ಒಂದು ಷರತ್ತು ಹಾಕಿದೆ. ಬರೆಯುವುದಾದರೆ, ಆ ಮಳಿಗೆ ತನ್ನ ತಂದೆಯದು ಎಂಬುದನ್ನು ಅವನು ಬರಹದಲ್ಲಿ ಹೇಳಬೇಕು, ಇಲ್ಲದಿದ್ದರೆ ಅಚ್ಚಿಗೆ ಕೊಡುವುದಿಲ್ಲ. ಹುಡುಗ ಗಟ್ಟಿಯಾಗಿ ತಲೆ ಅಲ್ಲಾಡಿಸಿದ. ಅದೊಂದು ಆಗೂದಿಲ್ಲರಿ ಮೇಡಂ, ಊರಾಗ ಅಪ್ಪನ ಮರ್ಯಾದಿ ಹೋಗ್ತೈತಿ ಅಂದ.

ಆದರೂ ಅವನು ಬರೆಯುವುದನ್ನು ಬಿಡಲಿಲ್ಲ. ಮತ್ತೆ ಎರಡು ಸಲ ತಿಕೋಟಾಕ್ಕೆ ಹೋಗಿ ಬಂದ. ಒಲೆಯ ಹತ್ತಿರ ಸುಮ್ಮನೆ ಕೂತು ನೋಡಿದ. ಎರಡನೆಯ ಕರಡು ಬಂದಾಗ ನಾನು ಕೂತಲ್ಲೇ ನೆಟ್ಟಗಾದೆ. ಅದರಲ್ಲೊಂದು ಕಡೆ ಹೀಗಿತ್ತು: 'ಮನೆಯ ಒಲೆಯ ಎದುರಿನ ಗೋಡೆಯ ಮೇಲೆ ಬುದ್ಧನ ಚಿತ್ರವಿದೆ. ಬೆಳಿಗ್ಗೆ ಅದರ ಮುಂದೆ ಊದಿನಕಡ್ಡಿ ಹಚ್ಚಿದ ಮೇಲೆಯೇ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಖಾನಾವಳಿಗೆ ಬಂದು ಎಸರಿಡುತ್ತಾರೆ. ನೀರು ಕುದಿಯುವ ತನಕ ಮಾತಾಡುತ್ತಾರೆ. ರೊಟ್ಟಿ ಬಡಿಯಲು ಕೂತರೆ ಮಾತಿಲ್ಲ. ಬೇಡದ ಪ್ರಶ್ನೆ ಕೇಳಿದರೆ ಬಡಿಯುವ ಸಪ್ಪಳ ಜೋರಾಗುತ್ತದೆ. ನನ್ನ ಪ್ರಶ್ನೆಗಳಿಗೆ ಬಹಳ ಸಲ ಜೋರಾಯಿತು.'

ಸ್ವಚ್ಛ ಎಂಬ ಪದ ಎಲ್ಲೂ ಇರಲಿಲ್ಲ, ದಲಿತ ಎಂಬುದೂ ಇರಲಿಲ್ಲ. ಯಾವುದನ್ನೂ ಮುಚ್ಚಿಟ್ಟಿರಲೂ ಇಲ್ಲ. ಗೋಡೆಯ ಮೇಲಿನದು ಗೋಡೆಯ ಮೇಲಿತ್ತು, ಮಾಸ್ತರರ ಮನೆಯಲ್ಲಿ ತೂಗುಮಣೆ ಇದ್ದ ಹಾಗೆ. ತರಗತಿಯಲ್ಲಿ ಓದಿಸಿದೆ. ತೊರವಿಯ ಹುಡುಗಿ ಬಡಿಯುವ ಸಪ್ಪಳದ ಮಾತಿಗೆ ನಕ್ಕಳು. ಇಷ್ಟು ವರ್ಷ ನಾನು ಹೇಳಿ ಹೇಳಿ ಸುಸ್ತಾದ ಪಾಠ ಕಣ್ಣ ಮುಂದೆ ಬರಹವಾಗಿ ನಿಂತಿತ್ತು, ನನಗೆ ಬಹಳ ಸಂತೋಷವಾಯಿತು. ಆದರೆ ಮಳಿಗೆಯ ಮಾತು ಅದರಲ್ಲಿರಲಿಲ್ಲ. ಅದಿಲ್ಲದೆ ಅಚ್ಚಿಲ್ಲ ಎಂದು ಮತ್ತೊಮ್ಮೆ ಹೇಳಿ ವಾಪಸು ಕೊಟ್ಟೆ. ಅವನು ಮುಖ ಗಂಟು ಹಾಕಿಕೊಂಡು ಹೋದ.

ಆ ಶನಿವಾರ ಅವನು ಕರಡನ್ನು ಅಪ್ಪನ ಕೈಗೆ ಕೊಟ್ಟ, ಹೊಸ ಅಂಗಡಿಯಲ್ಲಿ ಆಕೆ ಬುದ್ಧನ ಫೋಟೊ ಹಾಕಬೇಕೆಂದಿರುವುದನ್ನೂ ಹೇಳಿದ. ಅಪ್ಪನಿಗೆ ಮೊದಲೇ ತಿಳಿಯಲಿ ಎಂದು ಆಕೆಯೇ ಹೇಳಿದ್ದರಲ್ಲ. ಸೋಮವಾರ ನನ್ನ ಕೋಣೆಗೆ ಬಂದು ನಡೆದದ್ದನ್ನು ಹೇಳಿದ. ಅಪ್ಪ ಕನ್ನಡಕ ಹಾಕಿಕೊಂಡು, 'ಚಲೋ ಬರದಿ' ಎಂದು ನಡುನಡುವೆ ಹೇಳುತ್ತ ಪೂರ್ತಿ ಓದಿದರಂತೆ. ಕಡೆಗೆ ಹೀಗೆ ಹೇಳಿದರಂತೆ:

"ನನಗ ಮದಲ ಗೊತ್ತಿತ್ತು ಬಿಡು. ಆದ್ರ ಪೇಪರ್ನ್ಯಾಗ ಬಂದ ಮ್ಯಾಲೆ ಗೊತ್ತಿಲ್ಲ ಅನ್ನಾಕ ಬರೂದಿಲ್ಲ. ಮಂದಿ ನನ್ನ ಕೇಳ್ತಾರ. ಆಗ್ಲಿ, ಮಳಿಗಿ ಕೊಡ್ತೇನಿ, ಇಲ್ಲ ಅನ್ನೂದಿಲ್ಲ. ಫೋಟೊ ಮುಂದ ಬ್ಯಾಡ, ಒಳಗ ಅಡಗಿ ಖೋಲ್ಯಾಗ ಹಾಕ್ಕೋರಿ ಅಂತ ಹೇಳು."

ಆ ಮನುಷ್ಯ ಕೆಟ್ಟವರಲ್ಲ. ಮಗ ಪತ್ರಿಕೋದ್ಯಮ ಕಲಿಯುತ್ತೇನೆ ಎಂದಾಗ ಬೇರೆ ತಂದೆಯಂದಿರ ಹಾಗೆ ತಲೆ ಮೇಲೆ ಕೈ ಹೊತ್ತು ಕೂರದೆ ಕಳಿಸಿದವರು. ನನ್ನನ್ನು ಒಮ್ಮೆ ಭೇಟಿಯಾದಾಗ ಬಹಳ ಮರ್ಯಾದೆಯಿಂದ ಮಾತಾಡಿದ್ದರು. ತಾವು ಉದಾರವಾಗಿ ನಡೆದುಕೊಂಡೆವು ಎಂದು ಅವರು ಆ ರಾತ್ರಿ ನೆಮ್ಮದಿಯಿಂದ ಮಲಗಿರಬೇಕು.

ಅಪ್ಪ ಹೇಳಿದ ಮರುದಿನವೇ ಹುಡುಗ ಆ ಮಾತನ್ನು ತಿಕೋಟಾಕ್ಕೆ ಮುಟ್ಟಿಸಿದ್ದ. ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲವಂತೆ, ಭಾನುವಾರ ಬಸ್ಸು ಹಿಡಿದು ಹೋಗಿದ್ದ. ಆಕೆ ಕೇಳಿಸಿಕೊಂಡು, ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿ, "ಅಡಗಿ ಖೋಲ್ಯಾಗ ಹೊಗಿ ಹತ್ತತೈತಿ ತಮ್ಮಾ," ಅಂದರಂತೆ. "ಮಳಿಗಿ ಬ್ಯಾಡಂತ ಹೇಳು ಅಪ್ಪಾರಿಗೆ. ಮನ್ಯಾಗ ರೊಟ್ಟಿ ಬಡದು ಮಾರ್ತೇನಿ. ಬರೋರು ಅಲ್ಲಿಗೇ ಬರ್ತಾರ."

ಎಲ್ಲರೂ ಬರುವುದಿಲ್ಲ ಎಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಲಾರಿಯವರು ಕೇರಿಯೊಳಗೆ ಗಾಡಿ ತಿರುಗಿಸಿ ರೊಟ್ಟಿ ಹುಡುಕಿಕೊಂಡು ಬರುವುದಿಲ್ಲ. ಬಸ್ಸಿಳಿದವರೂ ಬರುವುದಿಲ್ಲ.

ಇಷ್ಟು ಹೇಳಿ ಹುಡುಗ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟ. ಬರಹದ ಕೊನೆಗೆ ಸೇರಿಸಲು ಹೊಸ ಪ್ಯಾರಾ. ಬಸ್ಸಿನಲ್ಲಿ ಬರೆದದ್ದಿರಬೇಕು, ಅಕ್ಷರಗಳು ಅಲುಗಾಡಿದ್ದವು.

'ಯುಗಾದಿಯ ನಂತರ ಈ ಖಾನಾವಳಿ ಇಲ್ಲಿ ಇರುವುದಿಲ್ಲ. ಜಾಗ ಬಿಡಬೇಕಾಗಿದೆ. ಇದೇ ರಸ್ತೆಯಲ್ಲಿ ಒಂದು ಮಳಿಗೆ ಖಾಲಿ ಇದೆ. ಅದನ್ನು ಕೇಳಲು ಅವರು ಕಾಖಂಡಕಿಗೆ ಹೋಗಿದ್ದರು. ಅವರನ್ನು ಮನೆಯ ಹೊರಗೆ ಕಟ್ಟೆಯ ಮೇಲೆ ಕೂರಿಸಲಾಯಿತು. ಬುದ್ಧನ ಚಿತ್ರವನ್ನು ಅಡುಗೆ ಕೋಣೆಯಲ್ಲಿ ಹಾಕುವುದಾದರೆ ಮಳಿಗೆ ಕೊಡುವುದಾಗಿ ಮಾಲೀಕರು ಹೇಳಿಕಳಿಸಿದರು. ಅವರು ಒಪ್ಪಲಿಲ್ಲ. ಮಾಲೀಕರು ನನ್ನ ತಂದೆ. ಆ ದಿನ ನಾನು ಮನೆಯೊಳಗೆ ಇದ್ದೆ.'

ತಿದ್ದಲು ಏನೂ ಇರಲಿಲ್ಲ. ಆಕೆಗೆ ಇದನ್ನು ಓದಿ ಹೇಳಿದೆಯಾ ಎಂದು ಕೇಳಿದೆ. ಫೋನಿನಲ್ಲಿ ಓದಿದ್ದ, "ಖರೇನ ಐತಿ, ಹಾಕಪಾ" ಅಂದಿದ್ದರಂತೆ. ಷರತ್ತು ಹಾಕಿದವಳು ನಾನೇ. ಈಗ ಅವನ ಮುಖ ನೋಡಿದೆ. ಇಪ್ಪತ್ತು ದಾಟಿದ ಹುಡುಗ, ಸಂಜೆಯ ಬಸ್ಸಿಗೆ ಅದೇ ಮನೆಗೆ ಹೋಗಬೇಕಾದವನು.

"ಕಡೀ ಎರಡ ಸಾಲು ಬೇಕಾದ್ರ ಬಿಡಪಾ," ಅಂದೆ. "ಮಾಲೀಕರು ಅಂದ್ರ ಸಾಕು. ನಾನ ಹಾಕಿದ ಷರತ್ತು, ನಾನ ತೆಗೀತೇನಿ. ನೀ ಮನೀಗೆ ಹೋಗಬೇಕಲ್ಲ."

"ಹೋಗ್ತೇನ್ರಿ ಮೇಡಂ," ಅಂದ. "ಪೇಪರ್ ಬಂದ ದಿನ ಅಪ್ಪಗ ನಾನ ಕುಂತು ಓದಿ ಹೇಳ್ತೇನಿ. ಹೊರಗ, ಕಟ್ಟಿ ಮ್ಯಾಲೆ."